ವಿಮಾನದ ಗಾಲಿಗೆ ಮೂರೇ ನಿಂಬೆಹಣ್ಣು

ಕಳೆದ ಸಲ ಇದೇ ಅಂಕಣದಲ್ಲಿ, ನಲವತ್ತು ದಾಟಿದ ಮೇಲೆ ನಾನು ವಿಮಾನ ಹಾರಿಸೋದನ್ನು ಕಲಿತ ಕತೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಎರಡೇ ಪ್ರಶ್ನೆ. ಒಂದು, "ಸ್ವಂತ ವಿಮಾನ ಅಂದ್ರೆ ಎಷ್ಟು ಕೋಟಿ ಸ್ವಾಮಿ?" ಇನ್ನೊಂದು, "ಅದನ್ನ ಯಾರು ನೋಡ್ಕೋತಾರೆ?" ದಾವಣಗೆರೆಯ ಓದುಗರೊಬ್ಬರು ಮಾತ್ರ, "ಇದಕ್ಕೆಲ್ಲ ಮನೆಯವರು ಒಪ್ಪಿದ್ರಾ?" ಅಂತ ಬರೆದಿದ್ದರು. ಆ ಕೊನೆಯ ಪ್ರಶ್ನೆಗೆ ಉತ್ತರ ಖಾಸಗಿ. ಮೊದಲೆರಡಕ್ಕೆ ಈ ಸಲ ಉತ್ತರ ಕೊಡುತ್ತೇನೆ.

ಕೋಟಿಯ ಮಾತು ಬಿಡಿ. ನಮ್ಮದು 1975ರ ಸೆಸ್ನಾ 172. ಹೌದು, ಐವತ್ತು ವರ್ಷದ ಹಳೆಯದು. 2016ರಲ್ಲಿ ಮೂವರು ಸೇರಿ 39,000 ಡಾಲರಿಗೆ ಕೊಂಡೆವು. ನನ್ನ ಪಾಲಿಗೆ ಬಂದದ್ದು 13,000, ಆಗಿನ ಲೆಕ್ಕದಲ್ಲಿ ಒಂಬತ್ತು ಲಕ್ಷ ರೂಪಾಯಿಗೂ ಸ್ವಲ್ಪ ಕಡಿಮೆ. ಅದೇ ವರ್ಷ ನಮ್ಮ ಆಫೀಸಿನಲ್ಲಿ ಒಬ್ಬರು ಅದರ ಮೂರುಪಟ್ಟು ಕೊಟ್ಟು ಕಾರು ತಗೊಂಡರು, ಅವರನ್ನ ಯಾರೂ ಹುಚ್ಚ ಅನ್ನಲಿಲ್ಲ.

ಪಾಲುದಾರರಲ್ಲಿ ಒಬ್ಬ ಹುಬ್ಬಳ್ಳಿಯವನು, ನನ್ನ ಹಾಗೆ ಸಾಫ್ಟ್‌ವೇರ್ ಕೆಲಸದವನು. ಇನ್ನೊಬ್ಬರು ಇಲ್ಲಿನವರೇ, ನಿವೃತ್ತ ಶಾಲಾ ಮೇಷ್ಟ್ರು. ವಿಮಾನ ನಿಲ್ಲೋದು ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಊರಿನ ವಿಮಾನ ನಿಲ್ದಾಣದಲ್ಲಿ, ಬಯಲಲ್ಲಿ, ಮೂರು ಕಡೆ ಹಗ್ಗ ಕಟ್ಟಿ. ಹಸು ಕಟ್ಟಿದ ಹಾಗೆಯೇ. ಹ್ಯಾಂಗರ್‌ಗೆ ಹೆಸರು ಬರೆಸಿ ವರ್ಷಗಳಾದವು, ನಮ್ಮ ಸರದಿ ಇನ್ನೂ ಬಂದಿಲ್ಲ.

ಸೆಸ್ನಾ 172 ಅಂದರೆ ನಮ್ಮ ಕಡೆಯ ಅಂಬಾಸಿಡರ್ ಕಾರಿನಂಥದ್ದು ಅಂದುಕೊಳ್ಳಿ. 1956ರಿಂದ ಮಾರಾಟದಲ್ಲಿದೆ, ಮಧ್ಯೆ ಹತ್ತು ವರ್ಷ ನಿಲ್ಲಿಸಿದ್ದರು, ಈಗಲೂ ಮಾಡುತ್ತಿದ್ದಾರೆ. 44,000ಕ್ಕೂ ಹೆಚ್ಚು ತಯಾರಾಗಿವೆ, ಬೇರೆ ಯಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ಬಂದಿಲ್ಲ. ಹಾಗಾಗಿ ಬಿಡಿಭಾಗ ಸಿಗುತ್ತದೆ, ರಿಪೇರಿ ಗೊತ್ತಿರುವವರು ಪ್ರತಿ ಊರಲ್ಲೂ ಇದ್ದಾರೆ. ತಲೆಯ ಮೇಲೆ ರೆಕ್ಕೆ, ಮೂಗಿನಲ್ಲಿ ಒಂದು ಪ್ರೊಪೆಲ್ಲರ್, 150 ಕುದುರೆ ಬಲದ ನಾಲ್ಕು ಸಿಲಿಂಡರಿನ ಲೈಕಮಿಂಗ್ ಎಂಜಿನ್. ಖಾಲಿ ತೂಕ 620 ಕೆಜಿಯ ಆಸುಪಾಸು, ಸ್ವಿಫ್ಟ್ ಕಾರಿಗಿಂತ ಹಗುರ. ಗಂಟೆಗೆ ಸುಮಾರು 190 ಕಿಲೋಮೀಟರ್ ಓಡುತ್ತದೆ. ಸೀಟು ನಾಲ್ಕಿದೆ ಅಂತ ನಾಲ್ಕು ಜನ ಹತ್ತಿ ಕೂರಬಹುದು ಅಂದುಕೊಳ್ಳಬೇಡಿ. ಟ್ಯಾಂಕ್ ತುಂಬಿಸಿದರೆ ಉಳಿಯೋದು ಮುನ್ನೂರು ಕೆಜಿ ಚಿಲ್ಲರೆ. ಬಿಸಿಬೇಳೆಬಾತಿನ ಮೈಯವರು ಮೂವರು ಮತ್ತು ಒಂದು ಬ್ಯಾಗು, ಅಷ್ಟೇ.

ಕೊಳ್ಳುವ ಮನಸ್ಸಿರುವ ಇಲ್ಲಿನ ಕನ್ನಡಿಗರಿಗೆ ಮೊದಲು ಒಂದು ಮಾತು. ಅಮೆರಿಕದಲ್ಲಿ ವಿಮಾನವನ್ನು ನಿಮ್ಮ ಹೆಸರಿಗೆ ನೋಂದಾಯಿಸಬೇಕಾದರೆ ನೀವು ಇಲ್ಲಿನ ಪ್ರಜೆಯಾಗಿರಬೇಕು, ಇಲ್ಲಾ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿ ವೀಸಾದಲ್ಲಿ ಇರುವವರು ಕಲಿಯಬಹುದು, ಲೈಸೆನ್ಸ್ ತಗೋಬಹುದು, ಬಾಡಿಗೆಗೆ ಪಡೆದು ಹಾರಿಸಬಹುದು. ನೇರವಾಗಿ ತಮ್ಮ ಹೆಸರಿಗೆ ನೋಂದಣಿ ಮಾತ್ರ ಆಗುವುದಿಲ್ಲ. ಮುಂಗಡ ಕೊಟ್ಟುಬಿಟ್ಟ ಮೇಲೆ ಇದು ತಿಳಿದು ಪೇಚಾಡಿದವರನ್ನು ನೋಡಿದ್ದೇನೆ. ಇನ್ನೊಂದು, ಆ ವಿಮಾನದ ಮೇಲೆ ಹಳೆಯ ಸಾಲ ಏನಾದರೂ ಬಾಕಿ ಇದೆಯೇ ಅಂತ ಒಕ್ಲಹೋಮಾ ಸಿಟಿಯಲ್ಲಿರುವ ನೋಂದಣಿ ಕಚೇರಿಯ ದಾಖಲೆಗಳಲ್ಲಿ ಹುಡುಕಿಸಿ. ನಮ್ಮಲ್ಲಿ ಸೈಟಿಗೆ ಇಸಿ ತೆಗೆಸುವ ಹಾಗೆ.

ನಾವು ಮೊದಲು ನೋಡಿದ್ದು ಈ ವಿಮಾನ ಅಲ್ಲ. ಸಮುದ್ರದ ಹತ್ತಿರದ ಊರಿನಲ್ಲಿ, ಹ್ಯಾಂಗರ್ ಒಳಗೆ ಇದ್ದ ಇನ್ನೊಂದು. ಹೊಸ ಬಣ್ಣ, ಹೊಸ ಸೀಟು, ಎಂಜಿನ್ ಓಡಿದ್ದು ತೀರಾ ಕಡಿಮೆ ಗಂಟೆ. ಹುಬ್ಬಳ್ಳಿ ಗೆಳೆಯ ರೆಕ್ಕೆಯ ಮೇಲೆ ಕೈಯಾಡಿಸುತ್ತಾ, "ಏನ್ ಮಸ್ತ್ ಐತಲ್ಲೋ ಮಾರಾಯಾ, ಇವತ್ತೇ ರೊಕ್ಕಾ ಕೊಟ್ಟು ಹೋಗೂಣು" ಅಂದ. ನನಗೂ ಹಾಗೇ ಅನ್ನಿಸಿತ್ತು. ಮೇಷ್ಟ್ರು ಮಾತ್ರ ಲಾಗ್‌ಬುಕ್ ತೆರೆದು ಕೂತರು. ವಿಮಾನಕ್ಕೆ ಒಂದು, ಎಂಜಿನ್‌ಗೆ ಒಂದು, ಹೀಗೆ ಲಾಗ್‌ಬುಕ್‌ಗಳು ಇರುತ್ತವೆ. ಹುಟ್ಟಿದಂದಿನಿಂದ ಏನೇನು ರಿಪೇರಿ, ಯಾರ ಸಹಿ, ಎಲ್ಲ ಅದರಲ್ಲಿ. ಮನುಷ್ಯರಿಗೆ ಜಾತಕ ಹೇಗೋ ಹಾಗೆ, ಒಂದೇ ವ್ಯತ್ಯಾಸ ಅಂದರೆ ಇದು ನಡೆದುಹೋದದ್ದನ್ನು ಹೇಳುತ್ತದೆ. ಹಿಂದಿನ ಆರು ವರ್ಷದಲ್ಲಿ ಆ ವಿಮಾನ ಹಾರಿದ್ದು ಒಟ್ಟು ಹನ್ನೊಂದು ಗಂಟೆ.

ಕಡಿಮೆ ಓಡಿದ ಕಾರು ಒಳ್ಳೆಯದು ಅಂತ ನಮಗೆಲ್ಲ ಅಭ್ಯಾಸ. ವಿಮಾನದ ಎಂಜಿನ್‌ಗೆ ಇದು ತಿರುಗುಮುರುಗು. ಲೈಕಮಿಂಗ್ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಗಡೆ ಇರುತ್ತದೆ. ವಿಮಾನ ನಿಂತೇ ಇದ್ದರೆ ಅದರ ಮೇಲಿನ ಆಯಿಲ್ ಎಲ್ಲ ಇಳಿದು ಕೆಳಗೆ ಹೋಗುತ್ತದೆ, ಬರೀ ಉಕ್ಕು ಉಳಿಯುತ್ತದೆ. ಸಮುದ್ರದ ಗಾಳಿಯ ತೇವಕ್ಕೆ ತುಕ್ಕು ಹಿಡಿಯುತ್ತದೆ. ಆಮೇಲೆ ಓಡಿಸಿದಾಗ ಆ ತುಕ್ಕು ಹಿಡಿದ ಮೇಲ್ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಶಬ್ದದಲ್ಲೂ ತಿಳಿಯುವುದಿಲ್ಲ.

600 ಡಾಲರ್ ಕೊಟ್ಟು ನಮ್ಮ ಪರವಾದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆವು. ಮಾರುವವರ ಮೆಕ್ಯಾನಿಕ್ಕನ್ನು ನಂಬಿ ಕೊಳ್ಳಬೇಡಿ, ಅವರು ಎಷ್ಟೇ ಒಳ್ಳೆಯವರಾಗಿರಲಿ. ಅವರು ಆಯಿಲ್ ಫಿಲ್ಟರ್ ಬಿಚ್ಚಿ, ಅದನ್ನು ಡಬ್ಬಿ ಕತ್ತರಿಸುವ ಹಾಗೆ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಸೀರೆ ಬಿಚ್ಚಿದ ಹಾಗೆ ಬಿಚ್ಚಿ ಬಿಸಿಲಿಗೆ ಹಿಡಿದರು. ಮಿಣಮಿಣ ಅಂತ ಹೊಳೆಯಿತು. ಆಯಸ್ಕಾಂತ ಹಿಡಿದರೆ ಚೂರುಗಳು ಬಂದು ಅಂಟಿಕೊಂಡವು. "ಉಕ್ಕು," ಅಂದರು, ಬೇರೇನೂ ಹೇಳಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಗೆಳೆಯ, "ಆರುನೂರು ಡಾಲರ್ ನೀರಾಗ ಹೋತು" ಅಂತ ಗೊಣಗಿದ. ಎಂಜಿನ್ ಬಿಚ್ಚಿ ಪೂರ್ತಿ ಹೊಸದು ಮಾಡಿಸಲು ಮೂವತ್ತು ಸಾವಿರ ಡಾಲರ್ ಬೇಕಾಗುತ್ತದೆ ಅಂತ ಮೇಷ್ಟ್ರು ಹೇಳಿದ ಮೇಲೆ ಸುಮ್ಮನಾದ. ಈಗ ಅವನೇ ಹೊಸಬರಿಗೆ ಈ ಕತೆ ಹೇಳುತ್ತಾನೆ, ಕತೆಯಲ್ಲಿ ಲಾಗ್‌ಬುಕ್ ಓದಿದವನು ತಾನೇ ಆಗಿರುತ್ತಾನೆ.

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. ವಿಮಾನ ಹಾರಲಿ ಬಿಡಲಿ ವರ್ಷಕ್ಕೆ ನಿಂತ ಖರ್ಚು ಅಂತ ಇರುತ್ತದೆ. ನಮಗೆ ನಿಲ್ಲಿಸುವ ಜಾಗದ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ ಎಲ್ಲ ಸೇರಿ ಸಾಮಾನ್ಯ ವರ್ಷದಲ್ಲಿ ಐದೂವರೆ ಸಾವಿರ ಡಾಲರ್, ಮೂರು ಭಾಗ. ಒಂದು ವರ್ಷ ಸಿಲಿಂಡರ್ ಒಂದು ಕೈಕೊಟ್ಟಿತು, ತಪಾಸಣೆಯ ಬಿಲ್ಲೇ 4,800 ಬಂತು. ಹಾರಿದ ಪ್ರತಿ ಗಂಟೆಗೆ ಮೂವತ್ತು ಲೀಟರ್ ಪೆಟ್ರೋಲ್. ಜೊತೆಗೆ ಗಂಟೆಗೆ ಇಪ್ಪತ್ತು ಡಾಲರ್ ಬೇರೆ ಖಾತೆಗೆ ಹಾಕುತ್ತೇವೆ, ಮುಂದೆ ಎಂಜಿನ್ ಬಿಚ್ಚುವ ದಿನಕ್ಕೆ. ಈ ಎಂಜಿನ್ನಿಗೆ ತಯಾರಕರು ಹೇಳುವ ಆಯಸ್ಸು 2,000 ಗಂಟೆ. ಆ ಖಾತೆಗೆ ಕೈ ಹಾಕಬಾರದು, ಹಾಕಿದರೆ ಪಾಲುದಾರಿಕೆ ಮುರಿಯುತ್ತದೆ. ನೀವು ಒಬ್ಬರೇ ಕೊಂಡು ವರ್ಷಕ್ಕೆ ಮೂವತ್ತು ನಲವತ್ತು ಗಂಟೆ ಹಾರಿಸುವವರಾದರೆ, ನನ್ನ ಮಾತು ಕೇಳಿ, ಬಾಡಿಗೆಯೇ ಲಾಭ.

ಪಾಲುದಾರಿಕೆ ಅಂದ ಮೇಲೆ ಒಂದು ಪುಟದ್ದಾದರೂ ಬರವಣಿಗೆ ಇರಲಿ. ಯಾರಾದರೂ ಬಿಟ್ಟು ಹೋದರೆ ಪಾಲಿಗೆ ಬೆಲೆ ಕಟ್ಟೋದು ಹೇಗೆ, ಯಾವ ವಾರ ಯಾರದ್ದು, ಟ್ಯಾಂಕ್ ಎಷ್ಟು ತುಂಬಿಸಿ ಬಿಡಬೇಕು. ನಮ್ಮಲ್ಲಿ ಜಗಳ ಆಗಿದ್ದು ಇದ್ಯಾವುದಕ್ಕೂ ಅಲ್ಲ. ಮಾಸ್ಟರ್ ಸ್ವಿಚ್ ಆಫ್ ಮಾಡದೆ ಯಾರೋ ಮನೆಗೆ ಹೋದರು, ಬ್ಯಾಟರಿ ಸತ್ತಿತು. ಮೂವರೂ ನಾನಲ್ಲ ಅಂದೆವು. ಅವತ್ತಿನಿಂದ ಬಾಲದ ಮೇಲಿನ ಕೆಂಪು ದೀಪದ ಸ್ವಿಚ್ಚನ್ನು ಯಾವಾಗಲೂ ಆನ್ ಇಟ್ಟೇ ಬಿಡುತ್ತೇವೆ. ಮಾಸ್ಟರ್ ಮರೆತರೆ ಆ ದೀಪ ಮಿನುಗುತ್ತಲೇ ಇರುತ್ತದೆ, ಕಾರಿಗೆ ನಡೆದು ಹೋಗುವವರಿಗೆ ಕಾಣುತ್ತದೆ.

ಇನ್ನು ನೋಡಿಕೊಳ್ಳುವ ಮಾತು. ಹನ್ನೆರಡು ತಿಂಗಳಿಗೊಮ್ಮೆ ಪೂರ್ತಿ ತಪಾಸಣೆ ಕಡ್ಡಾಯ, ಅದಕ್ಕೆ ವಿಶೇಷ ಅಧಿಕಾರ ಇರುವ ಮೆಕ್ಯಾನಿಕ್ ಸಹಿ ಹಾಕಬೇಕು. ಆದರೆ ಕೆಲವು ಸಣ್ಣ ಕೆಲಸಗಳನ್ನು ಲೈಸೆನ್ಸ್ ಇರುವ ಮಾಲೀಕರೇ ಮಾಡಲು ಇಲ್ಲಿನ ಕಾನೂನು ಬಿಡುತ್ತದೆ. ಆಯಿಲ್ ಬದಲಿಸೋದು, ಟೈರು, ಬ್ಯಾಟರಿ, ಸ್ಪಾರ್ಕ್ ಪ್ಲಗ್ ತೆಗೆದು ತೊಳೆಯೋದು, ಲೈಟಿನ ಬಲ್ಬು. ಮಾಡಿದ್ದನ್ನು ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಬೇಕು. ಮೊದಲ ಸಲ ನಮ್ಮ ಮೆಕ್ಯಾನಿಕ್ಕನ್ನು ಪಕ್ಕ ನಿಲ್ಲಿಸಿಕೊಂಡು ಮಾಡಿ. ಫಿಲ್ಟರ್ ಇರುವ ಎಂಜಿನ್ನಿಗೆ 50 ಗಂಟೆಗೊಮ್ಮೆ ಅಥವಾ ನಾಲ್ಕು ತಿಂಗಳಿಗೊಮ್ಮೆ, ಯಾವುದು ಮೊದಲೋ ಅದು, ಆಯಿಲ್ ಬದಲಿಸಬೇಕು. ನಾನು ಅರಸೀಕೆರೆಯಲ್ಲಿ ಸೈಕಲ್ ಪಂಕ್ಚರ್ ಕೂಡ ಹಾಕಿದವನಲ್ಲ. ಈಗ ಫಿಲ್ಟರ್ ಕತ್ತರಿಸಿ ಬಿಸಿಲಿಗೆ ಹಿಡಿಯುತ್ತೇನೆ.

ಹಾರಲು ಆಗದ ವಾರಗಳಲ್ಲಿ ಬಂದು ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವವರಿದ್ದಾರೆ, ಅಜ್ಜನ ಕಾರಿಗೆ ಮಾಡುವ ಹಾಗೆ. ಹಾಗೆ ಮಾಡಲೇಬೇಡಿ. ನೆಲದ ಮೇಲೆ ಓಡಿಸಿದರೆ ಆಯಿಲ್ ಸರಿಯಾಗಿ ಕಾಯುವುದಿಲ್ಲ. ಉರಿದದ್ದರಿಂದ ಹುಟ್ಟಿದ ನೀರಿನ ಆವಿ ಒಳಗೇ ಉಳಿದು, ಮಾಡದೇ ಇದ್ದದ್ದಕ್ಕಿಂತ ಹೆಚ್ಚು ಹಾಳು. ಮೇಲೆ ಹೋಗಿ ಅರ್ಧ ಮುಕ್ಕಾಲು ಗಂಟೆ ಹಾರಿ, ಆಯಿಲ್ ಬಿಸಿ ಮೇಲೇರಿದರೆ ಮಾತ್ರ ತೇವ ಹೊರಗೆ ಹೋಗುತ್ತದೆ. ನಮ್ಮ ಮೂವರಲ್ಲಿ ಯಾರಾದರೂ ಒಬ್ಬರು ಹದಿನೈದು ದಿನದೊಳಗೆ ಹಾರಿಸಲೇಬೇಕು ಅನ್ನೋದು ಮನೆಯ ನಿಯಮ.

ಬಯಲಲ್ಲಿ ಕಟ್ಟಿದ ವಿಮಾನಕ್ಕೆ ಬಾಡಿಗೆ ಕೊಡದ ವಾಸಿಗಳು ಬಹಳ. ವಸಂತದಲ್ಲಿ ಹಕ್ಕಿಗಳು ಎಂಜಿನ್ ಮುಚ್ಚಳದೊಳಗೆ ಒಂದೇ ಬೆಳಗ್ಗೆಯಲ್ಲಿ ಗೂಡು ಕಟ್ಟಿಬಿಡುತ್ತವೆ. ಒಣಹುಲ್ಲು, ಬಿಸಿ ಎಂಜಿನ್, ಊಹಿಸಿಕೊಳ್ಳಿ. ರೆಕ್ಕೆಯ ಕೆಳಗೆ ಪೀಟೋ ಅನ್ನುವ ಸಣ್ಣ ಕೊಳವೆ ಇದೆ, ವೇಗ ಅಳೆಯೋದು ಅದರಿಂದ. ಕಣಜ ಅದರಲ್ಲಿ ಮಣ್ಣು ತುಂಬಿದರೆ ರನ್‌ವೇಯಲ್ಲಿ ಓಡುವಾಗ ವೇಗದ ಮುಳ್ಳು ಸೊನ್ನೆಯಲ್ಲೇ ಕೂತಿರುತ್ತದೆ. ಅದಕ್ಕೊಂದು ಕೆಂಪು ಬಟ್ಟೆಯ ಮುಸುಕು ಹಾಕುತ್ತೇವೆ. ಅದನ್ನು ತೆಗೆಯಲು ಮರೆತರೂ ಅದೇ ಗತಿ.

ಪ್ರತಿ ಸಲ ಹಾರುವ ಮುಂಚೆ ಸುತ್ತ ಒಂದು ಪ್ರದಕ್ಷಿಣೆ. ಟ್ಯಾಂಕಿನ ತಳದಿಂದ ಒಂದು ಪಾರದರ್ಶಕ ಲೋಟಕ್ಕೆ ಸ್ವಲ್ಪ ಪೆಟ್ರೋಲ್ ಬಿಟ್ಟು ನೋಡಬೇಕು. ನಮ್ಮ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ. ನೀರು ಸೇರಿದ್ದರೆ ತಳದಲ್ಲಿ ಬಿಳಿ ಗುಳ್ಳೆಯಾಗಿ ನಿಲ್ಲುತ್ತದೆ. ಲೋಟ ಪೂರ್ತಿ ಬಣ್ಣವಿಲ್ಲದೆ ಇದ್ದರೆ ಖುಷಿಪಡಬೇಡಿ, ಅದು ಪೂರ್ತಿ ನೀರೇ ಇರಬಹುದು. ಟ್ಯಾಂಕ್ ಮುಚ್ಚಳ ತೆಗೆದು ಕೋಲು ಅದ್ದಿ ಅಳೆಯಬೇಕು, ಒಳಗಿನ ಮುಳ್ಳನ್ನು ನಂಬಬಾರದು. ಒಳಗೆ ಕೂತ ಮೇಲೆ ಸೀಟನ್ನು ಹಿಂದೆ ಮುಂದೆ ಅಲುಗಾಡಿಸಿ ಲಾಕ್ ಆಗಿದೆಯಾ ನೋಡಬೇಕು. ಹಳೆಯ ಸೆಸ್ನಾಗಳಲ್ಲಿ ಸೀಟಿನ ಹಳಿ ಸವೆದು, ಮೇಲೇರುವ ಹೊತ್ತಿಗೆ ಸೀಟು ಹಿಂದಕ್ಕೆ ಜಾರಿ, ಪೈಲಟ್ ಸ್ಟಿಯರಿಂಗನ್ನೇ ಹಿಡಿದು ಎಳೆದುಬಿಟ್ಟ ಅಪಘಾತಗಳಾಗಿವೆ. 1987ರಲ್ಲೇ ಈ ಹಳಿಗಳ ತಪಾಸಣೆ ಕಡ್ಡಾಯ ಮಾಡಿ ಆದೇಶ ಬಂತು. ಕೊಳ್ಳುವಾಗ ಇಂಥ ಆದೇಶಗಳೆಲ್ಲ ಪಾಲನೆಯಾಗಿವೆಯೇ ಅಂತ ಒಂದೊಂದಾಗಿ ನೋಡಿಸಿ.

ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟುವ ವಿಷಯ ಬಿಸಿಲೂರಿನವರಾದ ನಮಗೆ ತಲೆಗೇ ಹೋಗುವುದಿಲ್ಲ. ಹೊರಗೆ ಹದಿನೆಂಟು ಡಿಗ್ರಿ, ಷರ್ಟಿನಲ್ಲಿ ಕೂತಿದ್ದೀರಿ, ಸಮುದ್ರದ ಮೇಲಿಂದ ತೇವದ ಗಾಳಿ. ಪೆಟ್ರೋಲ್ ಆವಿಯಾಗುವಾಗ ಒಳಗೆ ತಣ್ಣಗಾಗಿ ಗಂಟಲಲ್ಲಿ ಹಿಮ ಕೂಡುತ್ತದೆ. ಎಂಜಿನ್ ಸದ್ದಿಲ್ಲದೆ ಶಕ್ತಿ ಕಳೆದುಕೊಳ್ಳುತ್ತದೆ. ಬಿಸಿಗಾಳಿ ಬಿಡುವ ಒಂದು ಗುಂಡಿ ಇದೆ, ಎಳೆಯಬೇಕು. ಎಳೆದ ತಕ್ಷಣ ಎಂಜಿನ್ ಇನ್ನೂ ಕೆಟ್ಟದಾಗಿ ಕೆಮ್ಮುತ್ತದೆ, ಕರಗಿದ ನೀರು ನುಂಗುತ್ತಿರುತ್ತದೆ. ಹೆದರಿ ಗುಂಡಿ ಒಳಗೆ ತಳ್ಳಬೇಡಿ. ಹಿಡಿದುಕೊಂಡಿರಿ.

ಈಗ ಅಮ್ಮನ ಕತೆ. ಸ್ಪಾರ್ಕ್ ಪ್ಲಗ್ಗಿನ ಪಾಠವೂ ಅದರಲ್ಲೇ ಇದೆ.

2019ರಲ್ಲಿ ಅಮ್ಮ ಅರಸೀಕೆರೆಯಿಂದ ಆರು ತಿಂಗಳಿಗೆ ಬಂದಿದ್ದಳು. ಮೊದಲ ಐದು ತಿಂಗಳು "ಆ ತಗಡಿನ ಡಬ್ಬಿ ಹತ್ರಾನೂ ನನ್ನ ಕರೀಬೇಡ" ಅಂದಳು. ಆಯುಧಪೂಜೆ ಬಂತು. ಲಿವರ್‌ಮೋರ್‌ನಲ್ಲೇ ಶಿವ-ವಿಷ್ಣು ದೇವಸ್ಥಾನ ಇದೆ, ಕಾರಿಗೆ ಅಲ್ಲಿ ಪೂಜೆ ಮಾಡಿಸಿದೆವು. ಬರುವಾಗ ಅವಳೇ, "ಮತ್ತೆ ಅದಕ್ಕೆ? ಅದೂ ವಾಹನಾನೇ ತಾನೆ?" ಅಂದಳು. ಚೀಲದಲ್ಲಿ ನಿಂಬೆಹಣ್ಣು, ಕುಂಕುಮ, ಚೆಂಡುಹೂ, ಒಂದು ಬೂದುಗುಂಬಳಕಾಯಿ, ಎಲ್ಲ ಮೊದಲೇ ತುಂಬಿಕೊಂಡಿದ್ದಳು.

ಪ್ರೊಪೆಲ್ಲರ್ ಮಧ್ಯದ ಬಿಳಿ ಮೂತಿಗೆ ಕುಂಕುಮ ಹಚ್ಚಿದಳು, ಒಳ್ಳೆಯದು. ಪೀಟೋ ಕೊಳವೆ ಕಂಡು, "ಇದೇನು, ಮೂಗಾ?" ಅಂತ ಅದಕ್ಕೂ ಹಚ್ಚಲು ಹೋದಾಗ ನಾನು ಓಡಿ ಬಂದೆ. ಎಡಗಡೆ ಮೈಮೇಲಿನ ಸಣ್ಣ ತೂತಿಗೂ ಬೇಡ ಅಂದೆ, ಎತ್ತರ ಅಳೆಯುವುದು ಅದರಿಂದ. ಕುಂಬಳಕಾಯಿ ಒಡೆಯಲು ಬಿಡಲಿಲ್ಲ ಅಂತ ಸಿಟ್ಟು ಮಾಡಿಕೊಂಡಳು. ಅಲ್ಲಿ ನೆಲದ ಮೇಲೆ ಒಂದು ಸಣ್ಣ ಕಲ್ಲು ಬಿದ್ದಿದ್ದರೂ ಪ್ರೊಪೆಲ್ಲರ್ ಅದನ್ನು ಎಳೆದುಕೊಳ್ಳುತ್ತದೆ; ಅಲಗಿನಲ್ಲಿ ಒಂದು ಸಣ್ಣ ಚಿಪ್ಪು ಎದ್ದರೆ ಅಲ್ಲಿಂದಲೇ ಬಿರುಕು ಶುರುವಾಗಬಹುದು. ಅದರೊಳಗಿಟ್ಟ ಚಿಲ್ಲರೆ ನಾಣ್ಯ ಬೇರೆ. ಕಾಯಿಯನ್ನು ಗೇಟಿನ ಹೊರಗೆ ಕಾರ್ ಪಾರ್ಕಿಂಗ್ ಪಕ್ಕದ ಮಣ್ಣಿನಲ್ಲಿ ಒಡೆದೆವು. ನಿಂಬೆಹಣ್ಣು ಮಾತ್ರ ಸಾಂಗವಾಗಿ ಆಯಿತು. ನಾಲ್ಕು ತಂದಿದ್ದಳು, ಗಾಲಿ ಮೂರೇ. ಮೇಷ್ಟ್ರು, ನಾನು, ಹುಬ್ಬಳ್ಳಿಯವನು ಮೂವರೂ ತಳ್ಳಿ ಮೂರು ಹಣ್ಣಿನ ಮೇಲೆ ಹತ್ತಿಸಿದೆವು. ಉಳಿದದ್ದನ್ನು ಮೇಷ್ಟ್ರಿಗೆ ಕೊಟ್ಟಳು. ಅವರು ಅದನ್ನು ಏನು ಮಾಡಬೇಕೆಂದು ತಿಳಿಯದೆ ಎರಡು ವಾರ ಕಾರಿನಲ್ಲೇ ಇಟ್ಟುಕೊಂಡಿದ್ದರಂತೆ.

ಪೂಜೆ ಆದ ಮೇಲೆ ಅಮ್ಮನ ಭಯ ಹೋಯಿತು. ಮಂಗಳವಾರ ಅವಳು ಊರಿಗೆ ಹೊರಡುವುದು. ಹಿಂದಿನ ಭಾನುವಾರ ಹಾಫ್ ಮೂನ್ ಬೇಗೆ ಕರೆದುಕೊಂಡು ಹೋಗುವುದೆಂದು ಮಾತಾಯಿತು. ಸಮುದ್ರದ ಅಂಚಿನಲ್ಲೇ ಇರುವ ಸಣ್ಣ ವಿಮಾನ ನಿಲ್ದಾಣ ಅದು, ಇಳಿದು ನಡೆದೇ ದೋಣಿ ಕಟ್ಟೆಗೆ ಹೋಗಬಹುದು. ಊರಿನಲ್ಲಿ ಚಿಕ್ಕಮ್ಮಂದಿರಿಗೆ, ಅತ್ತೆಯರಿಗೆ ಎಲ್ಲ ಫೋನಾಯಿತು, "ನನ್ನ ಮಗ ಓಡಿಸ್ತಾನೆ, ನಾನು ಪಕ್ಕ ಕೂರ್ತೀನಿ." ಬೆಳಗ್ಗೆ ಐದಕ್ಕೆ ಎದ್ದು ಚಿತ್ರಾನ್ನ ಮಾಡಿದಳು. ಆಕಾಶ ತೊಳೆದಿಟ್ಟ ಹಾಗಿತ್ತು.

ರನ್‌ವೇ ಹತ್ತುವ ಮುಂಚೆ ಎಂಜಿನ್ ಪರೀಕ್ಷೆ ಮಾಡಬೇಕು. ಪ್ರತಿ ಸಿಲಿಂಡರಿಗೆ ಎರಡೆರಡು ಪ್ಲಗ್. ಅವಕ್ಕೆ ಕಿಡಿ ಕೊಡಲು ಮ್ಯಾಗ್ನೆಟೋ ಅನ್ನುವ ಎರಡು ಬೇರೆ ಬೇರೆ ಯಂತ್ರ, ಬ್ಯಾಟರಿಯ ಹಂಗಿಲ್ಲ. ಎಂಜಿನ್ನನ್ನು 1,700 ಸುತ್ತಿನಲ್ಲಿಟ್ಟು ಒಂದೊಂದೇ ಮ್ಯಾಗ್ನೆಟೋ ಮೇಲೆ ಓಡಿಸಿ ನೋಡಬೇಕು. ಸುತ್ತು 125ಕ್ಕಿಂತ ಹೆಚ್ಚು ಇಳಿಯಬಾರದು, ಎರಡರ ನಡುವೆ 50ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅವತ್ತು ಎಡಗಡೆಯದು 60 ಇಳಿಯಿತು. ಬಲಗಡೆಗೆ ತಿರುಗಿಸಿದೆ. 220 ಇಳಿದು, ವಿಮಾನ ಪೂರ್ತಿ ಹಳೆಯ ಗಿರಣಿಯ ಹಾಗೆ ಅಲುಗಾಡಿತು.

ಇದಕ್ಕೆ ಮದ್ದು ಇದೆ. ಪೆಟ್ರೋಲ್ ಮಿಶ್ರಣವನ್ನು ತೆಳುವು ಮಾಡಿ, ಸುತ್ತು ಹೆಚ್ಚಿಸಿ ಒಂದು ನಿಮಿಷ ಓಡಿಸಿದರೆ ಪ್ಲಗ್ಗಿಗೆ ಅಂಟಿದ ಕೊಳೆ ಸುಟ್ಟು ಹೋಗುತ್ತದೆ. ಮಾಡಿದೆ. 190. ಇನ್ನೊಮ್ಮೆ ಮಾಡಿದೆ. 180. ಅಮ್ಮ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಮುಂದೆ ನೋಡುತ್ತಾ ಕೂತಿದ್ದಾಳೆ.

ಆಗ ತಲೆಯಲ್ಲಿ ಏನು ನಡೆಯುತ್ತದೆ ಅನ್ನೋದನ್ನು ಮುಚ್ಚಿಡದೆ ಬರೆಯುತ್ತೇನೆ, ಯಾಕಂದರೆ ನಿಮಗೂ ಅದೇ ನಡೆಯುತ್ತದೆ. ಎಡಗಡೆಯದು ಚೆನ್ನಾಗಿದೆಯಲ್ಲ. ಎರಡೂ ಸೇರಿದರೆ ಅಲುಗಾಟವೇ ಇಲ್ಲವಲ್ಲ. ಅರ್ಧ ಗಂಟೆಯ ದಾರಿ. ಮಂಗಳವಾರ ಹೋಗಿಬಿಡುತ್ತಾಳೆ. ಮೊಣಕಾಲು ನೋವು, ಮತ್ತೆ ಯಾವಾಗ ಬರುತ್ತಾಳೋ. ಎಲ್ಲರಿಗೂ ಹೇಳಿಕೊಂಡಿದ್ದಾಳೆ. ಮೇಲೆ ಹೋದರೆ ತಾನಾಗಿ ಸರಿಹೋಗಬಹುದು. ಇದರಲ್ಲಿ ಒಂದೂ ಎಂಜಿನ್ನಿಗೆ ಗೊತ್ತಿರುವ ವಿಷಯವಲ್ಲ. ದಾರಿಯಲ್ಲಿ ಗುಡ್ಡ, ಆಮೇಲೆ ಕೊಲ್ಲಿಯ ನೀರು, ಆಮೇಲೆ ಮತ್ತೆ ಗುಡ್ಡ, ಕಾಡು. ಎರಡು ಮ್ಯಾಗ್ನೆಟೋ ಇಟ್ಟಿರೋದು ಮೇಲೆ ಒಂದು ಕೆಟ್ಟರೆ ಇನ್ನೊಂದಿರಲಿ ಅಂತ, ಕೆಳಗಿನಿಂದಲೇ ಒಂದರಲ್ಲಿ ಹೊರಡಲಿ ಅಂತ ಅಲ್ಲ. ಕಂಟ್ರೋಲ್ ಟವರಿಗೆ ವಾಪಸ್ ಹೋಗುತ್ತೇನೆ ಅಂತ ಹೇಳಿ ತಿರುಗಿಸಿದೆ.

"ಯಾಕೋ, ಆಗೋಯ್ತಾ?" ಅಂದಳು ಅಮ್ಮ. ಹೇಳಿದೆ. ಏನೂ ಮಾತಾಡಲಿಲ್ಲ. ಹಗ್ಗ ಕಟ್ಟಿ, ರೆಕ್ಕೆಯ ನೆರಳಲ್ಲಿ ಚಾಪೆ ಹಾಸಿ ಚಿತ್ರಾನ್ನ ತಿಂದೆವು. ಪಕ್ಕದಲ್ಲಿ ಬೇರೆಯವರ ವಿಮಾನಗಳು ಒಂದಾದ ಮೇಲೊಂದು ಏಳುತ್ತಿದ್ದವು. ಕೈ ತೊಳೆಯುವಾಗ ಕೇಳಿದಳು, "ಅಲ್ಲ ಕಣೋ, ಇದು ಮೇಲೆ ಹೋದ್ಮೇಲೆ ಆಗಿದ್ರೆ ಏನ್ ಮಾಡ್ತಿದ್ದೆ?" ಇಳಿಸೋಕೆ ಜಾಗ ಹುಡುಕ್ತಿದ್ದೆ ಅಂದೆ. ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡಿದಳು. "ಹಂಗಾದ್ರೆ ಬಿಡು" ಅಂದಳು. ಆದರೆ ಕಾರಿನಲ್ಲಿ ಚಿಕ್ಕಮ್ಮನಿಗೆ ಫೋನ್ ಮಾಡಿ, "ಇಲ್ಲ ಕಣೆ, ಗಾಳಿ ಜಾಸ್ತಿ ಇತ್ತು" ಅಂತ ಸುಳ್ಳು ಹೇಳಿದಳು. ಮಗನ ವಿಮಾನ ಕೆಟ್ಟಿತ್ತು ಅಂತ ಹೇಳಲು ಮನಸ್ಸು ಬರಲಿಲ್ಲ ಅಂತ ಕಾಣುತ್ತದೆ. ನನಗೆ ಅವಳ ಮೌನಕ್ಕಿಂತ ಅದು ಹೆಚ್ಚು ನೋವಾಯಿತು.

ಸೋಮವಾರ ಪ್ಲಗ್‌ಗಳನ್ನು ಬಿಚ್ಚಿದೆವು. ಕೆಳಗಿನ ಒಂದರಲ್ಲಿ ಸಾಸಿವೆ ಕಾಳಿನಷ್ಟು ಸೀಸದ ಗುಂಡು ಸಿಕ್ಕಿಕೊಂಡು ಕಿಡಿಯ ಸಂದನ್ನೇ ಮುಚ್ಚಿತ್ತು. ಇನ್ನೊಂದರ ಪಿಂಗಾಣಿ ಬಿರುಕು ಬಿಟ್ಟಿತ್ತು. ನಮ್ಮ ಪೆಟ್ರೋಲಿನಲ್ಲಿ ಇನ್ನೂ ಸೀಸ ಇರುತ್ತದೆ. ನೆಲದ ಮೇಲೆ ನಿಧಾನ ಓಡುವಾಗ ಮಿಶ್ರಣವನ್ನು ದಟ್ಟವಾಗಿಯೇ ಬಿಟ್ಟರೆ ಪ್ಲಗ್ ಸಾಕಷ್ಟು ಕಾಯದೆ ಸೀಸ ಅಲ್ಲೇ ಕೂಡುತ್ತಾ ಹೋಗುತ್ತದೆ. ಮೆಕ್ಯಾನಿಕ್ ನನ್ನನ್ನೇ ನೋಡಿ, "ಟ್ಯಾಕ್ಸಿ ಮಾಡುವಾಗ ಮಿಶ್ರಣ ತೆಳುವು ಮಾಡ್ತೀಯಾ?" ಅಂತ ಕೇಳಿದರು. ಮಾಡುತ್ತಿರಲಿಲ್ಲ. ಕಲಿಸುವಾಗ ಹೇಳಿದ್ದರು, ಕೆಂಪು ಗುಂಡಿ ಎಳೆದರೆ ಎಲ್ಲಿ ಎಂಜಿನ್ ನಿಂತುಬಿಡುತ್ತದೋ ಅಂತ ಸೋಮಾರಿತನಕ್ಕೆ ಬಿಟ್ಟಿದ್ದೆ. ಅಮ್ಮನ ಭಾನುವಾರ ಹಾಳಾಗಿದ್ದು ವಿಮಾನದ ವಯಸ್ಸಿನಿಂದ ಅಲ್ಲ.

ಈಗ ಎಂಜಿನ್ ಶುರುವಾದ ತಕ್ಷಣ ಕೆಂಪು ಗುಂಡಿಯನ್ನು ಚೆನ್ನಾಗಿ ಎಳೆಯುತ್ತೇನೆ. ಎಷ್ಟು ಎಂದರೆ, ಮರೆತು ಹಾಗೇ ಹೊರಡಲು ಪೂರ್ತಿ ಶಕ್ತಿ ಕೊಟ್ಟರೆ ಎಂಜಿನ್ ಕೆಮ್ಮಿ ನಿಲ್ಲಬೇಕು, ಅಷ್ಟು. ಅರ್ಧಂಬರ್ಧ ಎಳೆದರೆ ಅಪಾಯ, ಮರೆತದ್ದು ಗೊತ್ತಾಗದೆ ಮೇಲೇರಿಬಿಡುತ್ತೀರಿ. ಪ್ಲಗ್‌ಗಳನ್ನು ಪ್ರತಿ ಎರಡನೇ ಆಯಿಲ್ ಬದಲಾವಣೆಗೆ ಬಿಚ್ಚಿ ತೊಳೆದು, ಮೇಲಿನದು ಕೆಳಗೆ ಕೆಳಗಿನದು ಮೇಲೆ ಹಾಕುತ್ತೇವೆ.

ಆಮೇಲೆ ಕೋವಿಡ್ ಬಂತು, ಆಮೇಲೆ ಅಮ್ಮನ ಮೊಣಕಾಲಿನ ಆಪರೇಷನ್. ಬರಲಾಗಲಿಲ್ಲ. ಈ ಜೂನ್‌ಗೆ ಟಿಕೆಟ್ ಆಗಿದೆ. ಏಪ್ರಿಲ್‌ನಲ್ಲಿ ವಾರ್ಷಿಕ ತಪಾಸಣೆ ಮುಗಿಯಿತು, ಎಂಟೂ ಪ್ಲಗ್ ಹೊಸದು ಹಾಕಿಸಿದೆವು. ಜೂನ್‌ನಲ್ಲಿ ಕರಾವಳಿಯ ಮೋಡ ಮಧ್ಯಾಹ್ನದವರೆಗೂ ಕದಲದೆ ಕೂತಿರುತ್ತದೆ, ಹಾಗಾಗಿ ಒಂದು ಭಾನುವಾರ ಅಂತ ಇಟ್ಟುಕೊಂಡಿಲ್ಲ, ನಾಲ್ಕು ಇಟ್ಟುಕೊಂಡಿದ್ದೇವೆ. ಊರಿನಲ್ಲಿ ಮುಂಚೆಯೇ ಯಾರಿಗೂ ಹೇಳಬೇಡ ಅಂದಿದ್ದೇನೆ. ಈ ಸಲ ಚಿತ್ರಾನ್ನ ನಾನೇ ಮಾಡುತ್ತೇನೆ ಅಂದೆ, ಅದಕ್ಕೆ ಮಾತ್ರ ಅವಳು ಒಪ್ಪಿಲ್ಲ.